‘ಸಾರಿ’ ಎಂಬ ಒಂದು ಮಾತು

ನಮ್ಮ ಮನೆಗಳಲ್ಲಿ ಇಂದು ಅತಿ ಹೆಚ್ಚು ಕೇಳಿಬರುವ ಇಂಗ್ಲಿಷ್ ಪದಗಳಲ್ಲಿ ‘ಸಾರಿ’ ಎಂಬುದೂ ಒಂದು. ಇಂಗ್ಲಿಷ್ ಬಾರದ ಅಜ್ಜಿಯೂ ಅದನ್ನು ಬಲ್ಲಳು. ಈಗಷ್ಟೇ ಮಾತು ಕಲಿಯುತ್ತಿರುವ ಮಗುವೂ ಅದನ್ನು ಬಲ್ಲದು. ಬಸ್ಸಿನಲ್ಲಿ ಒಬ್ಬರ ಕಾಲು ತುಳಿದರೆ ‘ಸಾರಿ’. ಎದುರಿನವರ ಮಾತು ಕೇಳಿಸದಿದ್ದರೆ ಹುಬ್ಬೇರಿಸಿ ‘ಸಾರಿ?’. ಸಾಲ ಕೇಳಲು ಬಂದ ಸ್ನೇಹಿತನಿಗೆ ‘ಸಾರಿ, ಈಗ ಕೈಯಲ್ಲಿಲ್ಲ’. ಸಾವಿನ ಮನೆಯಲ್ಲಿ ಬೇರೆ ಮಾತು ತೋಚದಿದ್ದಾಗ ಕೈ ಹಿಡಿದು ‘ಸಾರಿ’. ಮದುವೆಗೆ ಹೋಗಲಾಗದಿದ್ದರೆ ಮಾರನೆಯ ದಿನ ಫೋನಿನಲ್ಲಿ ‘ಸಾರಿ’. ಹೆಂಡತಿಯ ಮನಸ್ಸು ನೋಯಿಸಿದ ಗಂಡ ಕಚೇರಿಗೆ ಹೊರಡುವ ಅವಸರದಲ್ಲಿ ಬಾಗಿಲ ಬಳಿ ನಿಂತು ಹೇಳುವುದೂ ಅದೇ ‘ಸಾರಿ’.

ಇಷ್ಟು ಕೆಲಸಗಳನ್ನು ಒಂದೇ ಪದಕ್ಕೆ ವಹಿಸಿದ್ದೇವೆ. ಶಿಷ್ಟಾಚಾರ, ನಿರಾಕರಣೆ, ಸಂತಾಪ, ವಿಷಾದ, ತಪ್ಪೊಪ್ಪಿಗೆ ಎಲ್ಲವೂ ಒಂದೇ ಚೀಲದೊಳಗೆ ತುಂಬಿವೆ. ಅದರಿಂದ ಅನುಕೂಲವೂ ಇದೆ. ಪ್ರತಿಯೊಂದು ಸಣ್ಣ ಸಂದರ್ಭಕ್ಕೂ ಬೇರೆ ಬೇರೆ ಮಾತು ಹುಡುಕುತ್ತ ಕೂರಲಾಗದು. ಆದರೆ ಅಪಾಯವೂ ಇದೆ. ತಪ್ಪನ್ನು ಒಪ್ಪಿಕೊಳ್ಳಬೇಕಾದ ಸಂದರ್ಭದಲ್ಲಿ ನಾವು ಬಸ್ಸಿನ ‘ಸಾರಿ’ಯನ್ನೇ ಹೇಳಿ ಹೊರಟುಹೋಗಬಹುದು. ಕೇಳಿದವರೂ ಏನೂ ಅನ್ನಲಾರರು, ಏಕೆಂದರೆ ಪದವೇನೋ ಸರಿಯಾಗಿಯೇ ಇದೆ. ಹಾಗಾದರೆ ನಿಜವಾಗಿ ಕ್ಷಮೆ ಕೇಳುವುದು ಎಂದರೇನು? ಒಂದು ಪದವನ್ನು ಉಚ್ಚರಿಸಿದ ಮಾತ್ರಕ್ಕೆ ಅದು ನೆರವೇರುತ್ತದೆಯೇ?

ಈ ಪದದ ಮೂಲ ಗಮನಿಸತಕ್ಕದ್ದು. ಹಳೆಯ ಇಂಗ್ಲಿಷಿನಲ್ಲಿ ನೋವು, ಹುಣ್ಣು ಎಂಬ ಅರ್ಥದ ‘ಸಾರ್’ ಎಂಬ ಮಾತಿತ್ತು. ಇಂದು ಗಂಟಲು ನೋವಿಗೆ ಬಳಸುವ ‘ಸೋರ್’ ಎಂಬ ಪದ ಅದರಿಂದಲೇ ಬಂದದ್ದು. ‘ಸಾರಿ’ಯೂ ಅದೇ ಬೇರಿನದು. ಶೋಕವೆಂಬ ಅರ್ಥದ ‘ಸಾರೋ’ ಎಂಬ ಪದ ಅದಕ್ಕೆ ಒಡಹುಟ್ಟಿದ್ದೆಂದು ಹಲವರು ಭಾವಿಸುತ್ತಾರೆ. ಅದು ಬೇರೆ ಮೂಲದ ಪದ. ಅಂದರೆ ‘ಸಾರಿ’ ಎನ್ನುವವನು ಮೊದಲು ಹೇಳುತ್ತಿದ್ದುದು ‘ನನ್ನೊಳಗೆ ಗಾಯವಾಗಿದೆ’ ಎಂಬ ಮಾತನ್ನು. ಧರ್ಮಸಭೆ ಪಶ್ಚಾತ್ತಾಪವನ್ನು ಕುರಿತು ಬಳಸುವ ಲ್ಯಾಟಿನ್ ಪದವೂ ಇಂಥದ್ದೇ. ‘ಕಾಂಟ್ರಿಶಿಯೊ’ ಎಂದರೆ ಅರೆದು ಪುಡಿಯಾಗುವುದು; ಕಲ್ಲಾದ ಹೃದಯ ನುಚ್ಚುನೂರಾಗುವುದು.

ನಮ್ಮ ನುಡಿಯಲ್ಲಿ ಈ ಮಾತುಗಳು ಬೇರೆ ಬೇರೆಯಾಗಿವೆ. ‘ಪಶ್ಚಾತ್ತಾಪ’ ಎಂದರೆ ನಂತರದ ಬೇಗೆ. ಮಾಡುವಾಗ ಸಿಹಿಯಾಗಿದ್ದದ್ದು ಮಾಡಿದ ಮೇಲೆ ಸುಡುವುದು. ‘ಕ್ಷಮಾ’ ಎಂಬ ಸಂಸ್ಕೃತ ಪದಕ್ಕೆ ಸಹನೆ ಎಂಬ ಅರ್ಥದ ಜೊತೆಗೆ ಭೂಮಿ ಎಂಬ ಅರ್ಥವೂ ಇದೆ. ಅಗೆದವರನ್ನೂ ತುಳಿದವರನ್ನೂ ಹೊರುವವಳು ಅವಳು. ‘ಮನ್ನಿಸು’ ಎಂಬ ಮಾತಿಗೆ ಕ್ಷಮಿಸು ಎಂಬಂತೆಯೇ ಗೌರವಿಸು ಎಂಬ ಅರ್ಥವೂ ಇದೆ. ಕ್ಷಮೆ ಕೇಳಿದವನನ್ನು ಮನ್ನಿಸಿದಾಗ ಅವನು ಕಳೆದುಕೊಂಡಿದ್ದ ಮನ್ನಣೆ ಅವನಿಗೆ ಮರಳುತ್ತದೆ ಎಂಬುದನ್ನು ಈ ಪದವೇ ನೆನಪಿಸುತ್ತದೆ.

ಹಾಗೆಂದು ಇಂಗ್ಲಿಷ್ ಮಾತು ಕಪಟದ್ದು, ಕನ್ನಡದ ಮಾತು ಪ್ರಾಮಾಣಿಕವಾದದ್ದು ಎಂದು ತೀರ್ಮಾನಿಸುವುದು ಸರಿಯಲ್ಲ. ನಮ್ಮ ‘ತಪ್ಪಾಯಿತು’ ಎಂಬ ಮಾತನ್ನೇ ನೋಡಿ. ಮಳೆಯಾಯಿತು, ಹೊತ್ತಾಯಿತು ಎಂಬಂತೆ ತಪ್ಪೂ ಆಯಿತು. ಮಾಡಿದವರು ಯಾರು ಎಂಬುದು ಆ ಮಾತಿನಲ್ಲಿಲ್ಲ. ಎಷ್ಟೋ ಜನ ಕಣ್ಣೀರಿಟ್ಟು ‘ತಪ್ಪಾಯಿತು’ ಎಂದದ್ದುಂಟು. ಅದರಿಂದ ಮನೆಗಳು ಒಂದಾದದ್ದೂ ಉಂಟು. ಆದರೆ ಅಡಗಿಕೊಳ್ಳಬೇಕೆನ್ನುವವನಿಗೆ ಪ್ರತಿಯೊಂದು ಭಾಷೆಯಲ್ಲೂ ಒಂದು ಮೂಲೆ ಇದ್ದೇ ಇರುತ್ತದೆ.

ದೇಶದೇಶಗಳ ನಡುವೆಯೂ ಈ ಪದದ ಹಲವು ಅರ್ಥಗಳು ಕೆಲಸ ಮಾಡಿವೆ. 2001ರ ಏಪ್ರಿಲ್ 1ರಂದು ಚೀನಾದ ಹೈನಾನ್ ದ್ವೀಪದ ಬಳಿ ಅಮೆರಿಕದ ನೌಕಾಪಡೆಯ ಬೇಹುಗಾರಿಕೆ ವಿಮಾನವೂ ಚೀನಾದ ಯುದ್ಧವಿಮಾನವೂ ಆಕಾಶದಲ್ಲಿ ಡಿಕ್ಕಿಯಾದವು. ಚೀನಾದ ಚಾಲಕ ಪ್ರಾಣ ಕಳೆದುಕೊಂಡ. ಹಾನಿಗೊಂಡ ಅಮೆರಿಕದ ವಿಮಾನ ಅನುಮತಿಯಿಲ್ಲದೆ ಹೈನಾನಿನಲ್ಲಿಳಿಯಿತು. ಅದರಲ್ಲಿದ್ದ 24 ಮಂದಿಯನ್ನು ಚೀನಾ ತಡೆದಿರಿಸಿತು. ಚೀನಾ ಕ್ಷಮಾಪಣೆ ಕೇಳಿತು. ತಪ್ಪು ತನ್ನದಲ್ಲವೆಂದು ಅಮೆರಿಕ ಹೇಳಿತು. ಕೊನೆಗೆ ಏಪ್ರಿಲ್ 11ರಂದು ಅಮೆರಿಕ ಒಂದು ಪತ್ರ ಕೊಟ್ಟಿತು. ಚಾಲಕನ ಸಾವಿಗಾಗಿ ಒಮ್ಮೆ, ಅನುಮತಿಯಿಲ್ಲದೆ ಇಳಿದುದಕ್ಕಾಗಿ ಇನ್ನೊಮ್ಮೆ, ಹೀಗೆ ಎರಡು ಬಾರಿ ಅದರಲ್ಲಿ ‘ವೆರಿ ಸಾರಿ’ ಎಂದು ಬರೆದಿತ್ತು. ಅದು ಸಂತಾಪವೇ ಹೊರತು ತಪ್ಪೊಪ್ಪಿಗೆಯಲ್ಲವೆಂದು ಅಮೆರಿಕ ತನ್ನ ಜನರಿಗೆ ತಿಳಿಸಿತು. ಅದು ಕ್ಷಮಾಪಣೆಯೇ ಎಂದು ಚೀನಾ ತನ್ನ ಜನರಿಗೆ ತಿಳಿಸಿತು. 24 ಮಂದಿ ಮನೆಗೆ ಮರಳಿದರು. ಪ್ರಾಣಗಳು ಉಳಿಯುವುದಾದರೆ ಮಾತಿನ ಮಬ್ಬು ಕೂಡ ಒಳ್ಳೆಯದೇ ಎನ್ನಬಹುದು. ಆದರೆ ರಾಯಭಾರಿಗಳಿಗೆ ಸಲ್ಲುವ ಈ ಉಪಾಯವನ್ನು ನಾವು ಮನೆಯ ಅಡುಗೆಕೋಣೆಗೂ ತಂದಿದ್ದೇವೆ. ‘ನಿನಗೆ ಬೇಸರವಾಗಿದ್ದರೆ ಸಾರಿ’ ಎನ್ನುವುದು ಇಂಥ ಪತ್ರವೇ. ಅದರಲ್ಲಿ ತಪ್ಪು ಮಾಡಿದವನಿಲ್ಲ. ಬೇಸರಪಟ್ಟುಕೊಂಡವಳು ಮಾತ್ರ ಇದ್ದಾಳೆ.

ಇದಕ್ಕೆ ವ್ಯತಿರಿಕ್ತವಾದ ಒಂದು ಪ್ರಸಂಗ ಆಸ್ಟ್ರೇಲಿಯಾದ್ದು. ಸರಿಸುಮಾರು 1910ರಿಂದ 1970ರವರೆಗೆ ಅಲ್ಲಿಯ ಸರ್ಕಾರಗಳ ಕಾನೂನು ಮತ್ತು ಧೋರಣೆಗಳಂತೆ ಮೂಲನಿವಾಸಿಗಳ ಅಸಂಖ್ಯ ಮಕ್ಕಳನ್ನು ತಾಯ್ತಂದೆಗಳಿಂದ ಬೇರ್ಪಡಿಸಲಾಯಿತು. ಹಾಗೆ ಒಯ್ದ ಮಕ್ಕಳಲ್ಲಿ ಅನೇಕರು ಬೆಳೆದದ್ದು ಕ್ರೈಸ್ತ ಸಂಸ್ಥೆಗಳಲ್ಲಿ ಎಂಬುದನ್ನು ನಾವು ಮರೆಯುವಂತಿಲ್ಲ. 1997ರಲ್ಲಿ ಈ ಕುರಿತ ವಿಚಾರಣೆಯ ವರದಿ ಹೊರಬಂದಾಗ ರಾಷ್ಟ್ರ ಕ್ಷಮೆ ಕೇಳಬೇಕೆಂಬ ಒತ್ತಾಯ ಬಂತು. ಅಂದಿನ ಪ್ರಧಾನಿ ಜಾನ್ ಹೋವರ್ಡ್ 1999ರಲ್ಲಿ ಸಂಸತ್ತಿನಲ್ಲಿ ವಿಷಾದ ವ್ಯಕ್ತಪಡಿಸುವ ನಿರ್ಣಯ ತಂದರು. ‘ಸಾರಿ’ ಎಂಬ ಪದವನ್ನು ಮಾತ್ರ ಸರ್ಕಾರದ ಪರವಾಗಿ ಉಚ್ಚರಿಸಲಿಲ್ಲ. ನೊಂದವರು ಕಾದದ್ದು ಆ ಒಂದು ಪದಕ್ಕಾಗಿ. 2008ರ ಫೆಬ್ರುವರಿ 13ರಂದು ಹೊಸ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ಅದನ್ನು ಹೇಳಿದಾಗ ಸಭಾಂಗಣದಲ್ಲಿಯೂ ಹೊರಗಿನ ಮೈದಾನದಲ್ಲಿಯೂ ಮುಪ್ಪಿನ ತಾಯಂದಿರು ಅತ್ತರು. ಬಸ್ಸಿನಲ್ಲಿ ನಾವು ಲೆಕ್ಕವಿಲ್ಲದೆ ಚೆಲ್ಲುವ ಪದ ಅದೇ. ಏನು ಮಾಡಿದೆವು, ಯಾರಿಗೆ ಮಾಡಿದೆವು ಎಂಬುದನ್ನು ಹೆಸರಿಸಿ, ನೊಂದವರ ಎದುರು ನಿಂತು ಹೇಳಿದಾಗ ಅದಕ್ಕೆ ಅಷ್ಟು ತೂಕ ಬಂತು.

ನಮ್ಮ ಧರ್ಮಸಭೆಯೂ ಈ ದಾರಿಯನ್ನು ತುಳಿದಿದೆ. 2000ದ ಜೂಬಿಲಿ ವರ್ಷದ ತಪಸ್ಸುಕಾಲದ ಮೊದಲನೆಯ ಭಾನುವಾರ, ಮಾರ್ಚ್ 12ರಂದು, ಸಂತ ಪೇತ್ರರ ಮಹಾದೇವಾಲಯದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಧರ್ಮಸಭೆಯ ಮಕ್ಕಳು ಶತಮಾನಗಳಲ್ಲಿ ಎಸಗಿದ ಪಾಪಗಳಿಗಾಗಿ ದೇವರಲ್ಲಿ ಕ್ಷಮೆ ಬೇಡಿದರು. ಏಳು ನಿವೇದನೆಗಳಾಗಿ ಪಾಪಗಳನ್ನು ವಿಂಗಡಿಸಿ ಹೇಳಲಾಯಿತು. ಕೊನೆಗೆ ವೃದ್ಧ ಜಗದ್ಗುರುಗಳು ಶಿಲುಬೆಯನ್ನು ಅಪ್ಪಿ ಮುತ್ತಿಟ್ಟರು. ಹೀಗೆ ಒಪ್ಪಿಕೊಂಡರೆ ಶತ್ರುಗಳ ಕೈಗೆ ಆಯುಧ ಕೊಟ್ಟಂತಾಗುತ್ತದೆಂದು ಆಗ ಅಂಜಿದವರಿದ್ದರು. ಮುಂದೆ 2022ರ ಜುಲೈ 25ರಂದು ಪೋಪ್ ಫ್ರಾನ್ಸಿಸ್‌ರವರು ಗಾಲಿಕುರ್ಚಿಯಲ್ಲಿ ಕೆನಡಾದ ಮಸ್ಕ್ವಾಚಿಸ್‌ಗೆ ತೆರಳಿ, ಅಲ್ಲಿಯ ವಸತಿಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳಿಗಾದ ಅನ್ಯಾಯಕ್ಕಾಗಿ ಅವರ ನೆಲದಲ್ಲೇ ಕ್ಷಮೆ ಕೇಳಿದರು. ಕ್ಷಮೆ ಕೇಳುವುದು ಮೊದಲ ಹೆಜ್ಜೆ ಮಾತ್ರ ಎಂದೂ ಒಪ್ಪಿಕೊಂಡರು. ರೋಮಿನಲ್ಲಿಯೇ ಕುಳಿತು ಕಾಗದ ಕಳುಹಿಸಬಹುದಿತ್ತು. ಎಂಬತ್ತೈದರ ವಯಸ್ಸಿನಲ್ಲಿ ನೋಯುವ ಮಂಡಿಯೊಂದಿಗೆ ಸಮುದ್ರ ದಾಟಿ ಹೋದದ್ದೂ ಅವರ ಮಾತಿನ ಒಂದು ಭಾಗವಾಗಿತ್ತು.

ಪವಿತ್ರ ಗ್ರಂಥವನ್ನು ತೆರೆದರೆ ಒಂದೇ ಮಾತು ಬೇರೆ ಬೇರೆ ಬಾಯಲ್ಲಿ ಹೇಗೆ ಬೇರೆಯಾಗುತ್ತದೆ ಎಂಬುದು ಇನ್ನೂ ಸ್ಪಷ್ಟವಾಗುತ್ತದೆ. ಅರಸ ಸೌಲನೂ ಅರಸ ದಾವೀದನೂ ತಾವು ಪಾಪ ಮಾಡಿದ್ದೇವೆಂದು ಹೇಳಿದವರೇ. ಆದರೆ ಸೌಲನು ಸಮುವೇಲನ ಮುಂದೆ ಮೊದಲು ಜನರ ಮೇಲೆ ದೂರು ಹಾಕಿದ. ಆಮೇಲೆ ಜನರಿಗೆ ಹೆದರಿ ಹಾಗೆ ಮಾಡಿದೆನೆಂದ. ಕೊನೆಗೆ ಪಾಪ ಮಾಡಿದ್ದು ನಿಜ, ಆದರೂ ಹಿರಿಯರೆದುರು ನನ್ನ ಮಾನ ಉಳಿಸು ಎಂದು ಬೇಡಿದ. ಅವನಿಗಿದ್ದ ಚಿಂತೆ ಮಾನದ್ದು. ನಾತಾನನು ಕುರಿಮರಿಯ ಕಥೆ ಹೇಳಿ ದಾವೀದನ ಕಡೆಗೆ ಬೆರಳು ತೋರಿದಾಗ ದಾವೀದ ಉತ್ತರಿಸಿದ್ದು ಚಿಕ್ಕ ಮಾತಿನಲ್ಲಿ. ಅದರಲ್ಲಿ ನೆಪವಿಲ್ಲ, ಇತರರ ಹೆಸರಿಲ್ಲ, ಕೋರಿಕೆಯಿಲ್ಲ.

ಯೂದ ಮತ್ತು ಪೇತ್ರರ ಸಂಗತಿ ಇನ್ನೂ ಆಳವಾದದ್ದು. ಯೂದನಿಗೆ ಪಶ್ಚಾತ್ತಾಪವಾಗಲಿಲ್ಲವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮತ್ತಾಯನ ಶುಭಸಂದೇಶವನ್ನು ಓದಿ ನೋಡಿ: ಅವನು ಪರಿತಪಿಸಿದ, ನಿರಪರಾಧಿಯನ್ನು ಹಿಡಿದುಕೊಟ್ಟೆನೆಂದು ಬಾಯಿಬಿಟ್ಟು ಹೇಳಿದ, ಮೂವತ್ತು ಬೆಳ್ಳಿ ನಾಣ್ಯಗಳನ್ನೂ ಹಿಂದಕ್ಕೆ ಕೊಟ್ಟ. ದುಃಖ, ತಪ್ಪೊಪ್ಪಿಗೆ, ಪರಿಹಾರ ಮೂರೂ ಅಲ್ಲಿದ್ದವು. ಆದರೆ ಅವನು ಹೋದದ್ದು ‘ಅದರಿಂದ ನಮಗೇನು’ ಎನ್ನುವವರ ಬಳಿಗೆ. ತಾನು ಯಾರಿಗೆ ದ್ರೋಹ ಬಗೆದನೋ ಆತನ ಕಡೆಗೆ ಅವನು ತಿರುಗಲಿಲ್ಲ. ಪೇತ್ರ ಕ್ಷಮೆ ಕೇಳಿದ ಒಂದು ಮಾತೂ ಶುಭಸಂದೇಶಗಳಲ್ಲಿ ಬರೆದಿಲ್ಲ. ಆತ ಹೊರಗೆ ಹೋಗಿ ಬಹಳವಾಗಿ ಅತ್ತ. ಪುನರುತ್ಥಾನರಾದ ಪ್ರಭು ಸರೋವರದ ದಡದಲ್ಲಿ ಕಂಡಾಗ ನೀರಿಗೆ ಧುಮುಕಿ ಆತನೆಡೆಗೆ ಈಜಿದ. ಮೂರು ಸಲ ಅರಿಯೆನೆಂದವನನ್ನು ಪ್ರಭು ಮೂರು ಸಲ ಪ್ರಶ್ನಿಸಿದರು, ಮೂರು ಸಲವೂ ಕೆಲಸ ವಹಿಸಿದರು. ಹಾಗಿದ್ದರೆ ದುಃಖ ಎಷ್ಟು ದೊಡ್ಡದು ಎಂಬುದಷ್ಟೇ ಮುಖ್ಯವಲ್ಲ. ದುಃಖ ಯಾರ ಕಡೆಗೆ ಮುಖ ಮಾಡಿದೆ ಎಂಬುದು ಮುಖ್ಯ. ಒಳಗೇ ತಿರುಗಿದ ದುಃಖ ಮನುಷ್ಯನನ್ನು ತಿಂದುಹಾಕುತ್ತದೆ.

1551ರಲ್ಲಿ ಟ್ರೆಂಟ್ ಮಹಾಸಭೆ ಪಾಪನಿವೇದನೆಯ ಸಂಸ್ಕಾರವನ್ನು ವಿವರಿಸುವಾಗ ಪಶ್ಚಾತ್ತಾಪಿ ಮಾಡಬೇಕಾದ ಮೂರು ಕಾರ್ಯಗಳನ್ನು ಹೇಳಿತು: ಹೃದಯದ ದುಃಖ, ಬಾಯಿಂದ ನಿವೇದನೆ, ಕಾರ್ಯದಿಂದ ಪರಿಹಾರ. ಚಿಕ್ಕವರಿದ್ದಾಗ ಧರ್ಮೋಪದೇಶದ ತರಗತಿಯಲ್ಲಿ ಇವನ್ನು ಬಾಯಿಪಾಠ ಮಾಡಿದವರು ನಾವು. ನಮ್ಮ ಇಂದಿನ ‘ಸಾರಿ’ಯಲ್ಲಿ ಮೊದಲನೆಯದು ಇದೆಯೋ ಇಲ್ಲವೋ ದೇವರೇ ಬಲ್ಲರು, ಎರಡನೆಯದು ಅರ್ಧಕ್ಕೆ ನಿಂತಿದೆ, ಮೂರನೆಯದು ಮರೆತೇಹೋಗಿದೆ. ಜಕ್ಕಾಯನು ಯೇಸುಸ್ವಾಮಿಯ ಮುಂದೆ ನಿಂತಾಗ ಬರಿಯ ವಿಷಾದ ಸೂಚಿಸಲಿಲ್ಲ. ಆಸ್ತಿಯ ಅರ್ಧ ಬಡವರಿಗೆ, ಮೋಸ ಮಾಡಿ ಕಸಿದದ್ದಕ್ಕೆ ನಾಲ್ಕರಷ್ಟು ಎಂದು ಲೆಕ್ಕ ಹೇಳಿದ. ಸುಂಕದವನಿಗೆ ಲೆಕ್ಕದ ಭಾಷೆಯೇ ಪ್ರಾಮಾಣಿಕ ಭಾಷೆ.

ನನ್ನ ಅಜ್ಜಿಗೆ ಟ್ರೆಂಟ್ ಮಹಾಸಭೆ ಗೊತ್ತಿರಲಿಲ್ಲ. ಒಮ್ಮೆ ನಾನು ಆಟದ ಭರದಲ್ಲಿ ಹಾಲಿನ ಪಾತ್ರೆಯನ್ನು ಉರುಳಿಸಿ, ಶಾಲೆಯಲ್ಲಿ ಆಗತಾನೆ ಕಲಿತ ಪದವನ್ನು ಹೆಮ್ಮೆಯಿಂದ ಹೇಳಿದೆ: ‘ಸಾರಿ, ಅಜ್ಜಿ’. ಅವಳು ಪೊರಕೆ ಬಿಟ್ಟು ಎದ್ದು ಬಂದು, ‘ಸಾರಿ ಅಂದ್ರೆ ನೆಲ ಒಣಗ್ತದಾ ಮಗಾ? ಬಟ್ಟೆ ತಗೊಂಡು ಬಾ, ಸಾರಿಸು’ ಎಂದಳು. ನೆಲ ಸಾರಿಸಿದ ಮೇಲೆ ಮಡಿಲಿಗೆ ಎಳೆದುಕೊಂಡಳು. ಆ ಮಾತು ನನಗೆ ನಿಜವಾಗಿ ಅರ್ಥವಾದದ್ದು ಬಹಳ ವರ್ಷಗಳ ನಂತರ.

ಅದನ್ನು ಇಲ್ಲಿ ಹೇಳಿಕೊಳ್ಳುವುದು ಸುಲಭವಲ್ಲ. ನಮ್ಮ ತಂದೆ ತೀರಿಕೊಂಡು ತಿಂಗಳಾದಾಗ ಬಲಿಪೂಜೆಯ ನಂತರ ಮನೆಯಲ್ಲಿ ಊಟವಿತ್ತು. ಯಾವುದೋ ಮಾತಿಗೆ ಸಿಟ್ಟಾಗಿ, ನೆಂಟರೆಲ್ಲರ ಎದುರು, ಅಪ್ಪನ ಆಸ್ಪತ್ರೆಯ ಖರ್ಚಿಗೆ ತಮ್ಮ ಒಂದು ಕಾಸೂ ಬಿಚ್ಚಲಿಲ್ಲ ಎಂದುಬಿಟ್ಟೆ. ಅದು ಸುಳ್ಳು. ಅವನು ಕರೆಯುವ ಎರಡು ಹಸುಗಳನ್ನು ಮಾರಿ ಅಮ್ಮನ ಕೈಗೆ ಹಣ ಕೊಟ್ಟಿದ್ದ. ಅಮ್ಮ ಅದನ್ನು ನನಗೆ ಹೇಳಿಯೂ ಇದ್ದರು. ತಮ್ಮ ತಟ್ಟೆ ಬಿಟ್ಟು ಎದ್ದುಹೋದ. ಮರುದಿನ ನಾನು ಮೊಬೈಲಿನಲ್ಲಿ ‘ಸಾರಿ’ ಎಂದು ಕಳುಹಿಸಿದೆ. ‘ಪರವಾಗಿಲ್ಲ’ ಎಂದು ಉತ್ತರ ಬಂತು. ಮೂರು ವರ್ಷ ಕ್ರಿಸ್‌ಮಸ್‌ಗೆ ಕೈಕುಲುಕಿದೆವು, ಮಕ್ಕಳಿಗೆ ತಿಂಡಿ ಕಳುಹಿಸಿದೆವು, ಮಾತನಾಡಲಿಲ್ಲ. ನಾನಂತೂ ನನ್ನ ಕರ್ತವ್ಯ ಮುಗಿಯಿತೆಂದೇ ನಂಬಿದ್ದೆ. ಸಾರಿ ಹೇಳಿದ್ದೇನಲ್ಲ, ಇನ್ನೇನು?

ಒಂದು ತಪಸ್ಸುಕಾಲದಲ್ಲಿ ಪಾಪನಿವೇದನೆ ಮಾಡುವಾಗ ತಮ್ಮನೊಂದಿಗೆ ಮನಸ್ತಾಪವಿದೆಯೆಂದೂ ನಾನು ಸಾರಿ ಹೇಳಿದ್ದೇನೆಂದೂ ಹೇಳಿದೆ. ಗುರುಗಳು ಒಂದೇ ಪ್ರಶ್ನೆ ಕೇಳಿದರು: ‘ಯಾವುದಕ್ಕೆ ಅಂತ ಹೇಳಿದ್ದೀರಾ?’ ನನ್ನಲ್ಲಿ ಉತ್ತರವಿರಲಿಲ್ಲ.

ಆ ಶನಿವಾರ ತಮ್ಮನ ಮನೆಗೆ ಹೋದೆ. ಬೆವರುತ್ತಲೇ ‘ತಪ್ಪಾಯಿತು’ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ತಪ್ಪು ತಾನಾಗಿ ಆಗಲಿಲ್ಲ, ಅಣ್ಣ’ ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಆಗ ನಾನು ಮೊದಲ ಸಲ ಪೂರ್ತಿಯಾಗಿ ಹೇಳಿದೆ: ಹಸು ಮಾರಿದ್ದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಳ್ಳು ಹೇಳಿದೆ, ನಿನ್ನನ್ನು ಸಣ್ಣವನನ್ನಾಗಿ ಮಾಡಬೇಕೆಂದೇ ಹೇಳಿದೆ. ಅವನ ಕಣ್ಣು ಒದ್ದೆಯಾಯಿತು. ಆದರೂ ಅವನು ಹೇಳಿದ್ದು ಇಷ್ಟೇ: ‘ಚಿಕ್ಕಪ್ಪನವರ ಎದುರು ಅಂದಿದ್ದೆ. ಅವರು ಈಗಲೂ ಅದನ್ನೇ ನಂಬಿದ್ದಾರೆ.’ ನಾನು ಮರುದಿನವೇ ಚಿಕ್ಕಪ್ಪನ ಮನೆಗೆ ಹೋದೆ. ಆ ದಿನ ಊಟಕ್ಕೆ ಕುಳಿತಿದ್ದವರಲ್ಲಿ ಇಬ್ಬರು ಆ ವೇಳೆಗೆ ತೀರಿಕೊಂಡಿದ್ದರು. ಅವರು ನನ್ನ ಸುಳ್ಳನ್ನು ನಂಬಿಕೊಂಡೇ ಹೋದರು. ಅದನ್ನು ಇನ್ನು ನಾನು ಸಾರಿಸಲಾರೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲರಿಗೂ ಮಾತು ಬರುವುದಿಲ್ಲ. ನಮ್ಮ ಮನೆಗಳ ಹಿರಿಯರು ಕಿರಿಯರ ಬಳಿ ಬಾಯಿಬಿಟ್ಟು ಕ್ಷಮೆ ಕೇಳಿದ್ದು ಅಪರೂಪ. ಹೊಡೆದ ತಂದೆ ಸಂಜೆ ಪೊಟ್ಟಣದಲ್ಲಿ ಬಿಸಿ ವಡೆ ಕಟ್ಟಿಸಿಕೊಂಡು ಬರುತ್ತಿದ್ದರು; ಬೈದ ತಾಯಿ ತಟ್ಟೆಗೆ ಒಂದು ತುಂಡು ಹೆಚ್ಚು ಬಡಿಸುತ್ತಿದ್ದಳು. ಅದೂ ಒಂದು ಕ್ಷಮೆಯಾಚನೆಯೇ ಅಲ್ಲವೇ? ಹೌದು, ಅದನ್ನು ಕಡೆಗಣಿಸುವುದು ಕೃತಘ್ನತೆಯಾದೀತು. ಆದರೂ ವಡೆ ತಿಂದ ಮಗನಿಗೆ ಒಂದು ಸಂಶಯ ಉಳಿಯುತ್ತದೆ: ಅಪ್ಪನಿಗೆ ತನ್ನ ತಪ್ಪು ಕಂಡಿತೇ, ಇಲ್ಲವೇ ನನ್ನ ಮೇಲೆ ಕರುಣೆ ಮಾತ್ರ ಬಂತೇ? ನೊಂದವರಿಗೆ ಬೇಕಾದದ್ದು ಸಮಾಧಾನ ಮಾತ್ರವಲ್ಲ, ಸತ್ಯ. ತಮಗಾದದ್ದು ಅನ್ಯಾಯವೇ, ತಮ್ಮ ಭ್ರಮೆಯಲ್ಲ ಎಂಬುದನ್ನು ಅವರು ಅನ್ಯಾಯ ಮಾಡಿದವರ ಬಾಯಿಂದಲೇ ಕೇಳಬೇಕಾಗುತ್ತದೆ. ಮಕ್ಕಳ ಮುಂದೆ ‘ನಾನು ಮಾಡಿದ್ದು ತಪ್ಪು’ ಎಂದ ತಂದೆಯ ಗೌರವ ಕುಗ್ಗುವುದಿಲ್ಲ. ಆ ಮಾತನ್ನು ಹೇಗೆ ಹೇಳಬೇಕೆಂದು ಮಕ್ಕಳು ಕಲಿಯುವುದು ಅಲ್ಲಿಯೇ.

ಕೇಳಿಸಿಕೊಳ್ಳುವವರಿಗೂ ಒಂದು ಕರ್ತವ್ಯವಿದೆ. ಸಹೋದರ ದಿನಕ್ಕೆ ಏಳು ಸಾರಿ ತಪ್ಪು ಮಾಡಿ, ಏಳು ಸಾರಿಯೂ ಮರಳಿ ಬಂದು ಪಶ್ಚಾತ್ತಾಪವಾಯಿತು ಎಂದರೆ ಕ್ಷಮಿಸಬೇಕೆಂದು ಪ್ರಭು ಕಲಿಸಿದರು. ದುಂದುಗಾರ ಮಗ ದಾರಿಯುದ್ದಕ್ಕೂ ಒಂದು ಮಾತನ್ನು ಸಿದ್ಧಪಡಿಸಿಕೊಂಡು ಬಂದಿದ್ದ. ‘ನಾನು ಪಾಪ ಮಾಡಿದೆ’ ಎಂಬುದನ್ನು ತಂದೆ ಕೇಳಿಸಿಕೊಂಡ. ಕೂಲಿಯಾಳಾಗಿ ಇಟ್ಟುಕೋ ಎಂಬ ಕೊನೆಯ ಭಾಗಕ್ಕೆ ಮಾತ್ರ ಅವಕಾಶ ಕೊಡಲಿಲ್ಲ, ಅಷ್ಟರಲ್ಲಿ ಆಳುಗಳನ್ನು ಕೂಗಿ ಶ್ರೇಷ್ಠವಾದ ಅಂಗಿ ತರಿಸಿದ. ತಪ್ಪೊಪ್ಪಿಗೆಗೆ ಕಿವಿಗೊಡುವುದು ಪ್ರೀತಿ. ಒಪ್ಪಿಕೊಂಡವನನ್ನು ಇನ್ನೂ ಬಗ್ಗಿಸುವುದು ಪ್ರೀತಿಯಲ್ಲ. ಹಾಗೆಯೇ, ಕ್ಷಮೆ ಕೇಳಿದವನೂ ಅದನ್ನು ತನ್ನ ಹಕ್ಕೆಂದು ವಸೂಲು ಮಾಡುವಂತಿಲ್ಲ. ಗಾಯ ಮಾಯಲು ಸಮಯ ಬೇಕು. ನನ್ನ ತಮ್ಮನಿಗೆ ಮೂರು ವರ್ಷ ಕಾಯಿಸಿದ ನಾನು, ಅವನು ಮೂರು ನಿಮಿಷದಲ್ಲಿ ನಗಬೇಕೆಂದು ಹೇಗೆ ನಿರೀಕ್ಷಿಸಲಿ?

ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವು ಎದೆ ತಟ್ಟಿಕೊಂಡು, ಆಲೋಚನೆ, ಮಾತು, ಕಾರ್ಯ ಮತ್ತು ಕರ್ತವ್ಯಲೋಪಗಳಲ್ಲಿ ಪಾಪ ಮಾಡಿದ್ದೇವೆಂದು ಒಪ್ಪಿಕೊಳ್ಳುತ್ತೇವೆ. ಎಲ್ಲರೂ ಕೂಡಿ ಹೇಳುವ ಪ್ರಾರ್ಥನೆಯಾದರೂ ಅಲ್ಲಿ ‘ನಾವು’ ಇಲ್ಲ, ‘ನಾನು’ ಇದೆ; ದೇವರೆದುರು ಮಾತ್ರವಲ್ಲ, ಪಕ್ಕದಲ್ಲಿ ನಿಂತಿರುವ ಸಹೋದರ ಸಹೋದರಿಯರ ಎದುರೂ ಅದನ್ನು ಹೇಳುತ್ತೇವೆ. ಆಮೇಲೆ ಬಲಿಪೀಠಕ್ಕೆ ಕಾಣಿಕೆ ಒಯ್ಯುವ ಹೊತ್ತಿಗೆ, ಯಾರಿಗಾದರೂ ನಮ್ಮ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂಬ ಪ್ರಭುವಿನ ಅಪ್ಪಣೆಯೂ ನೆನಪಾಗಬೇಕು. ಬಸ್ಸಿನಲ್ಲಿ ‘ಸಾರಿ’ ಎನ್ನುವುದನ್ನು ಬಿಡಬೇಕಾಗಿಲ್ಲ. ಆದರೆ ಈ ವಾರ ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಮನೆಯ ಬಾಗಿಲನ್ನು ನೆನೆದುಕೊಳ್ಳಬಹುದು. ಅಲ್ಲಿ ಹಿಂದೆಂದೋ ನಾವು ಆ ಪದವನ್ನು ಹೇಳಿ ಬಂದಿದ್ದೇವೆ. ಯಾವುದಕ್ಕೆ ಎಂಬುದನ್ನು ಇನ್ನೂ ಹೇಳಿಲ್ಲ. ಆ ದಿನದ ಮಾತನ್ನು ಕೇಳಿದವರು ಬದುಕಿರುವಾಗಲೇ ಅಲ್ಲಿಗೆ ಹೋಗಿ ಬರುವುದು ಒಳ್ಳೆಯದು.